ಫಾರಂನಲ್ಲಿ ಇಲ್ಲದ ಆಲಿಕಲ್ಲು

ನಾನು ಮೂವತ್ತನಾಲ್ಕು ವರ್ಷ ನೈರೋಬಿಯಲ್ಲಿ ಸಣ್ಣ ವಿಮಾನಗಳ ರಿಪೇರಿ ಮಾಡಿದವನು. ಆರು ಸೀಟಿನವು, ಹೆಚ್ಚೆಂದರೆ ಹನ್ನೆರಡು ಸೀಟಿನವು. ದೊಡ್ಡ ಜೆಟ್‌ಗಳಲ್ಲಿ ಪ್ರಯಾಣಿಕನಾಗಿ ಕೂತು ಕಡಲೆಕಾಯಿ ತಿಂದದ್ದಷ್ಟೇ, ಅವುಗಳ ಒಂದು ಬೋಲ್ಟನ್ನೂ ಮುಟ್ಟಿಲ್ಲ. ಹೋದ ವರ್ಷ ನಿವೃತ್ತನಾದೆ. ಈಚೆಗೆ ಬೆಂಗಳೂರಿನಲ್ಲಿ ವಿಮಾನದ ಎಂಜಿನಿಯರಿಂಗ್ ಓದಿಕೊಂಡು ಬಂದು ಇಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, "ಅಂಕಲ್, ಕೆಲಸ ಹೇಗಿರುತ್ತೆ?" ಅಂತ ಕೇಳುತ್ತಾರೆ. ಹೋಳಿಗೆ ಬಡಿಸುವ ಹೊತ್ತಿನಲ್ಲಿ ಅದನ್ನೆಲ್ಲ ಹೇಳಿ ಮುಗಿಸುವುದು ಆಗದ ಮಾತು, ಅದಕ್ಕೇ ಬರೆಯಲು ಕೂತೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಚೀಫ್ ಆದೆ ಎಂಬುದು ನನ್ನ ಹೆಂಡತಿ ಸುಶೀಲೆಗೇ ನೆನಪಿಲ್ಲ, ನಿಮಗೆ ಯಾಕೆ. ಎಡವಟ್ಟುಗಳನ್ನು ಹೇಳುತ್ತೇನೆ.

ಕಾಲೇಜಿನಲ್ಲಿ ನಿಮಗೆ ಎಂಜಿನ್ ಬಗ್ಗೆ ಕಲಿಸಿರುತ್ತಾರೆ. ನನಗೂ ಕಲಿಸಿದ್ದರು. ಆದರೆ ನಾನು ಕಂಡ ಅವಘಡಗಳಲ್ಲಿ ಮುಕ್ಕಾಲು ಪಾಲು ಆಕಾಶದಲ್ಲಿ ಆದವಲ್ಲ. ಚಕ್ರ ನೆಲ ಮುಟ್ಟಿದ ಮೇಲೆ, ಪ್ರಯಾಣಿಕರು ಸೀಟ್ ಬೆಲ್ಟಿಗೆ ಕೈ ಹಾಕಿದ ಮೇಲೆ ಆದವು. ನಮ್ಮ ಕಂಪನಿಯ ವಿಮಾನಗಳು ಡಾಂಬರಿನ ಮೇಲೆ ಇಳಿಯುತ್ತಿದ್ದುದೇ ಕಡಿಮೆ. ಹುಲ್ಲಿನ ರನ್‌ವೇ, ಕೆಮ್ಮಣ್ಣಿನ ರನ್‌ವೇ, ಮಳೆ ಬಿದ್ದರೆ ಹಲ್ವಾ ಆಗುವ ಎರೆಮಣ್ಣಿನ ರನ್‌ವೇ. ನನ್ನ ಮೊದಲ ಮೇಲಧಿಕಾರಿ ಒಮೊಂಡಿ ಎಂಬ ಹಿರಿಯ ಎಂಜಿನಿಯರ್. ಎಲ್ಲಿ ಯಾವ ವಿಮಾನ ಬಿದ್ದರೂ ಅವರು ಮೊದಲು ಹೋಗುತ್ತಿದ್ದುದು ವಿಮಾನದ ಹತ್ತಿರ ಅಲ್ಲ, ಅದು ಬಂದ ದಾರಿಗೆ. ಬಗ್ಗಿ ಬಗ್ಗಿ ಹುಲ್ಲು ನೋಡುತ್ತಿದ್ದರು. "ಮೊದಲು ನೆಲ ನೋಡು. ವಿಮಾನ ನಾಳೆಯೂ ಇಲ್ಲೇ ಇರುತ್ತೆ, ನೆಲ ಇರಲ್ಲ," ಅನ್ನುತ್ತಿದ್ದರು. ನಾಳೆ ಬಿಸಿಲು ಬರುತ್ತದೆ, ದನ ತುಳಿಯುತ್ತದೆ, ಗುರುತು ಹೋಗುತ್ತದೆ ಅಂತ ಅವರ ಅರ್ಥ.

ಸೇರಿದ ಮೊದಲ ತಿಂಗಳು ಒಮೊಂಡಿ ನನ್ನನ್ನು ದಕ್ಷಿಣದ ಬಯಲಿನಲ್ಲಿದ್ದ ಒಂದು ಸಫಾರಿ ಕ್ಯಾಂಪಿಗೆ ಕಳಿಸಿದರು. ವಿಮಾನ ಅಲ್ಲೇ ತಂಗುವುದಿತ್ತು. ಹೊರಡುವಾಗ, "ಸಂಜೆ ಚಕ್ರಗಳ ಸುತ್ತ ಮುಳ್ಳಿನ ಕೊಂಬೆ ಕಟ್ಟು," ಅಂದರು. ಹೊಸಬನ ಕಾಲೆಳೆಯುತ್ತಿದ್ದಾರೆ ಅಂದುಕೊಂಡೆ. ಮೈಸೂರಿನವನು ಅಷ್ಟು ಸುಲಭಕ್ಕೆ ಬಕ್ರಾ ಆಗುತ್ತಾನೆಯೇ ಅಂತ ಮುಳ್ಳು ಕಟ್ಟದೆ ಮಲಗಿದೆ. ಬೆಳಿಗ್ಗೆ ನೋಡಿದರೆ ಹಿಂದಿನ ಎರಡೂ ಟೈರುಗಳನ್ನು ಕತ್ತೆಕಿರುಬ ಕಬ್ಬು ಅಗಿದ ಹಾಗೆ ಅಗಿದು ಹಾಕಿತ್ತು. ಬದಲಿ ಟೈರ್ ತಂದದ್ದು ಸ್ವತಃ ಒಮೊಂಡಿ. ನಾನು, "ಸಾರ್, ಮೆಂಟೆನೆನ್ಸ್ ಪುಸ್ತಕದಲ್ಲಿ ಇದು ಎಲ್ಲೂ ಇರಲಿಲ್ಲ," ಅಂದೆ. ಅವರು ಜಾಕ್ ಎತ್ತುತ್ತಲೇ, "ಪುಸ್ತಕದಲ್ಲಿ ಇಲ್ಲ ಅಂತ ಕತ್ತೆಕಿರುಬಕ್ಕೆ ಯಾರು ಹೇಳಬೇಕು?" ಅಂದರು. ಆ ಮಾತಿಗೆ ನಾನೂ ನಕ್ಕೆ. ಅದನ್ನು ಅರ್ಥ ಮಾಡಿಕೊಂಡೆ ಅಂದುಕೊಂಡಿದ್ದೆ. ಇಲ್ಲ, ಬರೀ ನಕ್ಕಿದ್ದೆ ಅಂತ ಗೊತ್ತಾಗಲು ಮೂವತ್ತಮೂರು ವರ್ಷ ಬೇಕಾಯಿತು.

ಆಗೆಲ್ಲ ರನ್‌ವೇ ಹೇಗಿದೆ ಅಂತ ತಿಳಿಯುವುದಕ್ಕೆ ಒಂದೇ ದಾರಿ ಇತ್ತು. ಪ್ರತಿ ರನ್‌ವೇಗೂ ಒಬ್ಬ ಕಾವಲುಗಾರ. ದನ ಓಡಿಸುವುದು, ಹುಲ್ಲು ಕತ್ತರಿಸುವುದು, ಗಾಳಿ ತೋರಿಸುವ ಬಟ್ಟೆಚೀಲ ಹರಿದರೆ ಹೊಲಿಯುವುದು ಅವನ ಕೆಲಸ. ವಿಮಾನ ಹೊರಡುವ ಮೊದಲು ಆಫೀಸಿನವರು ಅವನನ್ನು ಕೇಳುತ್ತಿದ್ದರು, ಮೊದಲು ರೇಡಿಯೊದಲ್ಲಿ, ಆಮೇಲೆ ಫೋನಿನಲ್ಲಿ. ಪಶ್ಚಿಮದ ಬೆಟ್ಟಗಳಲ್ಲಿ ಒಂದು ಚಹಾ ತೋಟದ ರನ್‌ವೇ ಇತ್ತು, ಅಲ್ಲಿನ ಕಾವಲುಗಾರ ಕಿಪ್ರೋನೊ. ನನಗಿಂತ ಹಿರಿಯ. ಅವನಿಗೆ ಫೋನ್ ಮಾಡಿದರೆ ಮೊದಲು ನಮ್ಮ ಮನೆಯವರೆಲ್ಲರ ಆರೋಗ್ಯ ವಿಚಾರಿಸಬೇಕು. ಆಮೇಲೆ ಅವನ ಹೆಂಡತಿಯ ಮಂಡಿನೋವು. ಆಮೇಲೆ ಯಾರ ಹಸು ಕರು ಹಾಕಿತು, ಅದು ಎಲ್ಲಿ ಮಲಗಿತು, ಮಲಗಿದ ಕಡೆ ನೆಲ ಎಷ್ಟು ಮೆತ್ತಗಿದೆ. ರನ್‌ವೇ ಸಮಾಚಾರ ಆ ಕರುವಿನ ಬೆನ್ನ ಹಿಂದಿನಿಂದ ಬರುತ್ತಿತ್ತು. ಏಳೆಂಟು ನಿಮಿಷ ಬೇಕು.

ನನ್ನ ಸ್ವಭಾವ ಬೇರೆ. ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ಜೋಡಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮ ಕಾರ್ಯಾಚರಣೆಯ ಮುಖ್ಯಸ್ಥರಾಗಿ ಕ್ಯಾಪ್ಟನ್ ಮ್ವಾಂಗಿ ಬಂದಾಗ, "ಫುಂಡಿ, ಇದಕ್ಕೊಂದು ಫಾರಂ ಮಾಡಿಕೊಡು," ಅಂದರು. ಫುಂಡಿ ಅಂದರೆ ಇಲ್ಲಿ ಮೇಸ್ತ್ರಿ, ಮೆಕ್ಯಾನಿಕ್, ಕೈಕೆಲಸ ಗೊತ್ತಿದ್ದವನು. ನನಗೆ ಹಬ್ಬ. ಚಳಿದೇಶದ ಒಂದು ಕಂಪನಿಯಲ್ಲಿದ್ದ ಗೆಳೆಯನಿಂದ ಅವರ ಫಾರಂ ತರಿಸಿದೆ. ಮಳೆ ಬಂದಿದೆಯೇ, ನೀರು ನಿಂತಿದೆಯೇ, ಕೆಸರಿದೆಯೇ, ಪ್ರಾಣಿಗಳಿವೆಯೇ, ಎಲ್ಲ ಅಚ್ಚುಕಟ್ಟು. ಮಧ್ಯದಲ್ಲಿ ಹಿಮ ಮತ್ತು ಮಂಜುಗಡ್ಡೆ ಅಂತ ಒಂದು ಸಾಲು. ಅಲ್ಲಿ ರನ್‌ವೇ ಮೇಲೆ ಹಿಮ ಬಿದ್ದು ಸಣ್ಣ ವಿಮಾನಗಳು ಜಾರುವುದು ಪ್ರತಿ ಚಳಿಗಾಲದ ಮಾತಂತೆ. ನಾನು ಕೆಂಪು ಪೆನ್ನಿನಿಂದ ಆ ಸಾಲು ಹೊಡೆದು ಹಾಕಿ, ಪಕ್ಕದಲ್ಲಿ 'ಇದು ಕೀನ್ಯಾ ಸ್ವಾಮಿ' ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದೆ. ಆಫೀಸಿನಲ್ಲಿ ಅದು ಕೈಯಿಂದ ಕೈಗೆ ಹೋಗಿ ಎಲ್ಲರೂ ನಕ್ಕರು. ಆಮೇಲೆ ಒಂದೊಂದು ರನ್‌ವೇಗೂ ಹೋಗಿ ಕಾವಲುಗಾರರಿಗೆ ಪಾಠ ಹೇಳಿದೆ. "ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು ಅಥವಾ ಇಲ್ಲ. ಕಥೆ ಬೇಡ."

ಕಿಪ್ರೋನೊ ಎರಡು ಸಲ ಕೇಳಿದ. "ಕರು ಹಾಕಿದ್ದೂ ಬೇಡವಾ?"

"ಬೇಡ."

"ಸವಾ, ಫುಂಡಿ," ಅಂದ. ಆಗಲಿ ಅಂದ ಮೇಲೆ ಆಯಿತು, ಅವನು ಮಾತಿಗೆ ತಪ್ಪುವವನಲ್ಲ. ಏಳೆಂಟು ನಿಮಿಷದ ಫೋನು ಒಂದು ನಿಮಿಷಕ್ಕೆ ಇಳಿಯಿತು. ನಾನು ಬೀಗಿದೆ.

ಈಗ ನಿಖಿತಾಳ ವಿಷಯ. ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿ ಕ್ಲಿನಿಕ್ ಇಟ್ಟಿದ್ದ ನಮ್ಮ ಕನ್ನಡದ ಡಾಕ್ಟರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಚಿಕ್ಕಂದಿನಲ್ಲಿ ಶನಿವಾರ ಅಪ್ಪನನ್ನು ಪೀಡಿಸಿ ನಮ್ಮ ಹ್ಯಾಂಗರಿಗೆ ಬರುತ್ತಿದ್ದಳು. ಪೈಲಟ್ ಆಗಿ ನಮ್ಮ ಕಂಪನಿಗೇ ಸೇರಿದಾಗ ನನಗೆ ನನ್ನ ಮಗಳೇ ಸೇರಿದಷ್ಟು ಖುಷಿ. ನಮ್ಮ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನನ್ನ ನಿವೃತ್ತಿಗೆ ಎಂಟು ತಿಂಗಳಿದ್ದಾಗ ಒಂದು ಮಧ್ಯಾಹ್ನ ಅವಳು ಕಿಪ್ರೋನೊನ ರನ್‌ವೇಗೆ ಹೊರಟಳು. ಪ್ರಯಾಣಿಕ ಒಬ್ಬರೇ, ಚಹಾದ ರುಚಿ ನೋಡಿ ದರ್ಜೆ ಹೇಳುವವರು, ಮಡಿಲಲ್ಲಿ ಪಿಂಗಾಣಿ ಬಟ್ಟಲುಗಳ ಪೆಟ್ಟಿಗೆ. ಅವಳು ಅರ್ಧ ದಾರಿಯಲ್ಲಿದ್ದಾಗ ಆಫೀಸಿನವರು ಕಿಪ್ರೋನೊನಿಗೆ ಫೋನ್ ಮಾಡಿ ಫಾರಂ ಓದಿದರು. ಮಳೆ? ಸ್ವಲ್ಪ. ನೀರು ನಿಂತಿದೆಯಾ? ಇಲ್ಲ. ಕೆಸರು? ಇಲ್ಲ. ದನ? ಇಲ್ಲ. ರನ್‌ವೇ ಚೆನ್ನಾಗಿದೆ ಅಂತ ಅವಳಿಗೆ ರೇಡಿಯೊದಲ್ಲಿ ಹೇಳಿದರು.

ಮೇಲಿನಿಂದ ನೋಡಿದರೆ ರನ್‌ವೇಯ ಮೊದಲರ್ಧ ಹಸಿರು, ಉಳಿದರ್ಧ ಬಿಳಿ. ಅವಳು ಮತ್ತೆ ಕೇಳಿದಳು, ಅದೇನು ಬಿಳಿ ಅಂತ. ಆಫೀಸಿನವರು ಫಾರಂ ಮತ್ತೆ ಓದಿದರು. ಅದರಲ್ಲಿ ಬಿಳಿಯ ಪ್ರಸ್ತಾಪವೇ ಇಲ್ಲ. ತೋಟದವರು ವರ್ಷಕ್ಕೊಮ್ಮೆ ಹುಲ್ಲಿಗೆ ಸುಣ್ಣದ ಪುಡಿ ಚೆಲ್ಲುವುದುಂಟು, ಅದಿರಬೇಕು ಅಂದುಕೊಂಡು ಇಳಿದಳು. ಹಸಿರಿನ ಮೇಲೆ ಬ್ರೇಕ್ ಚೆನ್ನಾಗಿ ಹಿಡಿಯಿತು. ಬಿಳಿಯ ಮೇಲೆ ಹೋದ ಕ್ಷಣ ಏನೂ ಇಲ್ಲ. "ಯಾರೋ ಬ್ರೇಕ್ ಬಿಚ್ಚಿಕೊಂಡು ಹೋದ ಹಾಗಾಯ್ತು ಅಂಕಲ್," ಅಂದಳು ಆಮೇಲೆ. ವಿಮಾನ ರನ್‌ವೇ ದಾಟಿ ಚಹಾ ಗಿಡಗಳ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತಿತು. ಮುಂದಿನ ಚಕ್ರ ಮಡಚಿಕೊಂಡಿತು, ಪ್ರೊಪೆಲ್ಲರ್ ಬಾಗಿತು. ರುಚಿ ನೋಡುವವರ ಮಣಿಕಟ್ಟು ಮುರಿಯಿತು, ಬಟ್ಟಲು ಒಂದೂ ಉಳಿಯಲಿಲ್ಲ. ಅವಳಿಗೆ ಹುಬ್ಬಿನ ಮೇಲೆ ಗಾಯ, ಫೋನು ಚೂರು. ದೂರದ ಶೆಡ್ಡಿನಲ್ಲಿದ್ದ ಕೂಲಿಯವರು ಅಲ್ಲಿಗೆ ಓಡಿ ಬರುವಷ್ಟರಲ್ಲಿ ಬಿಸಿಲು ಬಿದ್ದು ಬಿಳಿಯೆಲ್ಲ ಕರಗಿಹೋಗಿತ್ತು. ಅವರಿಗೆ ಕಂಡದ್ದು ಒದ್ದೆ ಹುಲ್ಲು.

ಮಾರನೆಯ ಬೆಳಿಗ್ಗೆ ನಾನು ರಸ್ತೆಯಲ್ಲಿ ಹೋಗಿ ತಲುಪುವ ಮುಂಚೆಯೇ ಕ್ಯಾಪ್ಟನ್ ಮ್ವಾಂಗಿ ಫೋನಿನಲ್ಲಿ ತೀರ್ಮಾನ ಹೇಳಿಬಿಟ್ಟಿದ್ದರು. ಒದ್ದೆ ಹುಲ್ಲು, ವೇಗ ಹೆಚ್ಚು, ಪೈಲಟ್ ತಪ್ಪು. ಮಂಜುಗಡ್ಡೆಯ ಮೇಲೆ ಜಾರಿದೆ ಅಂತ ಅವಳು ಹೇಳಿದ್ದಕ್ಕೆ, ಭೂಮಧ್ಯರೇಖೆಯ ಮೇಲೆ ಐಸಾ ಅಂತ ಆಫೀಸಿನಲ್ಲಿ ನಗು ಎದ್ದಿತ್ತು. ಕಂಪನಿಯ ವಿಚಾರಣೆ ಹನ್ನೆರಡನೆಯ ದಿನಕ್ಕೆ ಇಟ್ಟಿದ್ದರು. ತಪ್ಪು ಅವಳದೆಂದಾದರೆ ಕೆಲಸ ಹೋಗುತ್ತದೆ, ವರದಿ ವಿಮಾನಯಾನ ಇಲಾಖೆಗೆ ಹೋಗಿ ಲೈಸೆನ್ಸಿಗೂ ಕುತ್ತು.

ನಾನು ಒಮೊಂಡಿಯವರ ಶಿಷ್ಯ, ಮೊದಲು ನೆಲ ನೋಡಿದೆ. ಹಸಿರರ್ಧದಲ್ಲಿ ಬ್ರೇಕಿನ ಎರಡು ಕಂದು ಗೆರೆ, ಹುಲ್ಲು ಬೇರುಸಹಿತ ಕಿತ್ತುಬಂದಿತ್ತು. ಅರ್ಧ ದಾಟಿದ ಮೇಲೆ ಗೆರೆಯೇ ಇಲ್ಲ, ಹುಲ್ಲು ಒಂದೆಸಳೂ ಹರಿದಿರಲಿಲ್ಲ. ಆ ಭಾಗದ ಎರಡೂ ಬದಿಯ ಚಹಾ ಗಿಡಗಳ ಎಲೆಗಳು ಚಿಂದಿ. ಗಿಡಗಳ ನೆರಳಿನ ಚರಂಡಿಯಲ್ಲಿ ಕೈ ಹಾಕಿದರೆ ಇನ್ನೂ ಕರಗದ ಆಲಿಕಲ್ಲಿನ ಮುದ್ದೆ. ಅಂಗೈ ಮರಗಟ್ಟುವವರೆಗೆ ಹಿಡಿದುಕೊಂಡೆ, ಫೋಟೋ ತೆಗೆದೆ. ಅವಳು ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ಆಗಲೇ ಗೊತ್ತಾಯಿತು.

ಕಿಪ್ರೋನೊ ಟೋಪಿ ಕೈಯಲ್ಲಿ ಹಿಡಿದು ಬಂದ. "ಮ್ಜೇ, ಎಷ್ಟು ಬಿದ್ದಿತ್ತು?" ಅಂತ ಕೇಳಿದೆ. ಹಿರಿಯರನ್ನು ಇಲ್ಲಿ ಹಾಗೆ ಕರೆಯುವುದು.

"ಪಾದ ಮುಚ್ಚುವಷ್ಟು. ಅರ್ಧ ರನ್‌ವೇ ಬಿಳಿಯಾಗಿತ್ತು."

"ಫೋನಿನಲ್ಲಿ ಯಾಕೆ ಹೇಳಲಿಲ್ಲ?"

ಅವನು ನನ್ನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. "ಅವರು ನೀರು ಕೇಳಿದರು, ನೀರಿರಲಿಲ್ಲ. ಕೆಸರು ಕೇಳಿದರು, ಕೆಸರಿರಲಿಲ್ಲ. ಕಲ್ಲು ಬಿದ್ದದ್ದನ್ನು ಯಾರೂ ಕೇಳಲಿಲ್ಲ. ಕಥೆ ಬೇಡ ಅಂದವರು ನೀವೇ ಅಲ್ಲವಾ ಫುಂಡಿ."

ನೈರೋಬಿಗೆ ಬಂದು ಹಳೆಯ ಫೈಲ್ ತೆಗೆದೆ. ಕೆಂಪು ಗೆರೆ, ನನ್ನ ತಮಾಷೆ, ನನ್ನ ಸಹಿ. ಫೈಲ್ ಮುಚ್ಚಿ ಮತ್ತೆ ಬೀರುವಿಗೆ ಇಟ್ಟೆ.

ಇಲ್ಲಿ ನಾನು ಏನು ಮಾಡಿದೆ ಅಂತ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಎಂಜಿನಿಯರ್ ವರದಿಯಲ್ಲಿ ನನ್ನನ್ನು ಕೇಳಿದ್ದು ಎರಡೇ: ವಿಮಾನಕ್ಕೆ ಆದ ಹಾನಿ ಎಷ್ಟು, ಬ್ರೇಕ್ ಸರಿಯಿತ್ತೇ. ಹಾನಿ ಇಷ್ಟು, ಬ್ರೇಕ್ ಸರಿಯಿತ್ತು ಅಂತ ಬರೆದುಕೊಟ್ಟೆ. ಎರಡೂ ನಿಜ. ಬ್ರೇಕ್ ಸರಿಯಿದ್ದರೆ ತಪ್ಪು ಪೈಲಟ್‌ದೇ ಅಂತ ಓದುವವರು ಓದಿಕೊಳ್ಳುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಮನಸ್ಸಿಗೆ ಒಂದು ನೆಪ ಹೇಳಿಕೊಂಡೆ: ನಾನು ಬಾಯಿ ಬಿಟ್ಟರೆ, ತನ್ನ ಭಾಷೆಯ ಹುಡುಗಿಯನ್ನು ಉಳಿಸುತ್ತಿದ್ದಾನೆ ಅನ್ನುತ್ತಾರೆ, ಅವಳಿಗೇ ತೊಂದರೆ. ಒಳಗಿನ ಕಾರಣ ಬೇರೆ. ಅಚ್ಚುಕಟ್ಟಿನ ಮನುಷ್ಯ ಅಂತ ಹೆಸರು ತೆಗೆದುಕೊಂಡು ಎಂಟು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕಿತ್ತು ನನಗೆ.

ಹನ್ನೊಂದನೆಯ ದಿನ ಭಾನುವಾರ. ಬೆಳಿಗ್ಗೆ ನ್ಗಾರಾದ ನಮ್ಮ ಮನೆಗೆ ನಿಖಿತಾ ಒಬ್ಬಳೇ ಬಂದಳು. ಹುಬ್ಬಿನ ಹೊಲಿಗೆ ಬಿಚ್ಚಿದ್ದರು. ಸುಶೀಲೆ ದೋಸೆ ಹಾಕಿಕೊಟ್ಟಳು. ತಟ್ಟೆ ಹಾಗೇ ಇತ್ತು.

"ಅಂಕಲ್, ಬ್ರೇಕ್ ನಿಜವಾಗಲೂ ಸರಿ ಇತ್ತಾ?"

"ಸರಿ ಇತ್ತಮ್ಮ."

"ಹಾಗಾದ್ರೆ ನಾನು ಕಂಡಿದ್ದು ಸುಣ್ಣವೇ ಇರಬೇಕು. ಎಲ್ಲರೂ ಅದನ್ನೇ ಹೇಳ್ತಾರೆ. ಐಸ್ ನೋಡಿದೆ ಅಂತ ನಾನೇ ಕಲ್ಪಿಸಿಕೊಂಡೆನೋ ಏನೋ. ಈಗ ನನ್ನ ಕಣ್ಣನ್ನೇ ನಾನು ನಂಬ್ತಿಲ್ಲ. ಕಣ್ಣು ನಂಬದೆ ಹೇಗೆ ಹಾರಿಸೋದು? ವಿಚಾರಣೆಯಲ್ಲಿ ತಪ್ಪು ನನ್ನದೇ ಅಂತ ಒಪ್ಪಿಕೊಂಡುಬಿಡ್ತೀನಿ."

ನಾನು ಕಾಫಿ ಲೋಟ ತಿರುಗಿಸುತ್ತ ಕೂತೆ. ಅವಳು ಹೋದಳು.

ಗೇಟಿನ ಸದ್ದು ಆಗುತ್ತಲೇ ಸುಶೀಲೆ ಅಡುಗೆಮನೆಯಿಂದ ಬಂದು ಎದುರು ಕೂತಳು. "ಏನ್ರೀ, ಆ ಮಗು ಕೇಳಿದ್ದಕ್ಕೆ ಲೋಟ ನೋಡ್ಕೊಂಡು ಉತ್ತರ ಕೊಟ್ರಲ್ಲ. ಏನು ಮುಚ್ಚಿಡ್ತಿದ್ದೀರಿ?"

ಎಲ್ಲ ಹೇಳಿದೆ. ಫೋನಿನಲ್ಲಿದ್ದ ಆಲಿಕಲ್ಲಿನ ಫೋಟೋ ತೋರಿಸಿದೆ. ಅವಳು ಅದನ್ನು ದೊಡ್ಡದು ಮಾಡಿ ನೋಡಿದಳು.

"ಹನ್ನೊಂದು ದಿನದಿಂದ ಇದನ್ನ ಹೊಟ್ಟೇಲಿಟ್ಕೊಂಡು ನಾನು ಮಾಡಿದ ಚಪಾತಿ ತಿಂತಿದ್ದೀರಲ್ಲ, ಹೇಗ್ರೀ ಇಳೀತು? ನಾಳೆ ಹೋಗಿ ಹೇಳಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ನಾನೇ ಮಟಾಟು ಹತ್ತಿ ಹೋಗಿ ಹೇಳ್ತೀನಿ."

ಅವಳು ಹೇಳಿದರೆ ಹೇಳಿಯೇ ತೀರುವವಳು. ಮೂವತ್ತು ವರ್ಷ ಸ್ಕೂಲಿನಲ್ಲಿ ಪಾಠ ಮಾಡಿದ ಹೆಂಗಸು.

ವಿಚಾರಣೆಯಲ್ಲಿ ಮೂವರಿದ್ದರು: ಕ್ಯಾಪ್ಟನ್ ಮ್ವಾಂಗಿ, ಸುರಕ್ಷತೆ ವಿಭಾಗದ ಒಬ್ಬ ಹೆಂಗಸು, ಹೊರಗಿನಿಂದ ಕರೆಸಿದ ಹಳೆಯ ಪೈಲಟ್ ಒಬ್ಬರು. ನಿಖಿತಾ ಒಂದು ಬದಿಗೆ ಕೂತಿದ್ದಳು. ನಾನು ನನ್ನ ವರದಿಗೆ ಸೇರಿಸುವುದಿದೆ ಅಂದಾಗ ಆ ಹಳೆಯ ಪೈಲಟ್, "ನೀವೂ ಈಕೆಯೂ ಒಂದೇ ಊರಿನ ಕಡೆಯವರಲ್ಲವೇ?" ಅಂತ ಕೇಳಿಯೇಬಿಟ್ಟರು.

"ಹೌದು. ಅದಕ್ಕೇ ಅವಳ ಪರವಾಗಿ ಮಾತಾಡಲು ಬಂದಿಲ್ಲ. ನನ್ನ ಮೇಲೆ ದೂರು ಹೇಳಲು ಬಂದಿದ್ದೇನೆ," ಅಂದು ಫಾರಂ ಮೇಜಿನ ಮೇಲಿಟ್ಟೆ. "ಈ ಗೆರೆ ನನ್ನದು, ಈ ಸಹಿ ನನ್ನದು. ಈ ಸಾಲು ಇದ್ದಿದ್ದರೆ ಆಫೀಸಿನವರು ಕೇಳುತ್ತಿದ್ದರು, ಕಾವಲುಗಾರ ಹೇಳುತ್ತಿದ್ದ. ಕೇಳದೆಯೂ ಹೇಳುತ್ತಿದ್ದ, ಹೇಳಬೇಡ ಅಂದವನೂ ನಾನೇ." ಫೋಟೋಗಳನ್ನು ತೋರಿಸಿದೆ. ಹುಲ್ಲಿನ ಗುರುತುಗಳನ್ನು ವಿವರಿಸಿದೆ. ಯಾವಾಗ ತೆಗೆದ ಫೋಟೋ ಅಂತ ಆ ಹೆಂಗಸು ಕೇಳಿದರು. ಅವಘಡದ ಮರುದಿನವೇ ಅಂದೆ. ನಿಖಿತಾಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಕ್ಯಾಪ್ಟನ್ ಮ್ವಾಂಗಿ ಫಾರಂ ಎತ್ತಿಕೊಂಡು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. ಸಿಟ್ಟಿನ ಮನುಷ್ಯ, ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಫಾರಂ ತಿರುಗಿಸಿ ಕೆಳಗಿದ್ದ ಇನ್ನೊಂದು ಸಹಿ ತೋರಿಸಿದರು. "ಇದು ನನ್ನದು. ಇದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಬರೆದುಕೊಳ್ಳಿ." ಮೇಲಧಿಕಾರಿಗಳು ಹಲವರನ್ನು ಕಂಡಿದ್ದೇನೆ. ಆ ಒಂದು ಮಾತಿಗಾಗಿ ಅವರ ಮೇಲೆ ನನಗೆ ಈಗಲೂ ಗೌರವ.

ನಿಖಿತಾಳ ಕೆಲಸ ಉಳಿಯಿತು, ಲೈಸೆನ್ಸ್ ಉಳಿಯಿತು. ಬಿಳಿ ಕಂಡ ಮೇಲೆ ಇಳಿಯದೆ ಒಂದು ಸುತ್ತು ಹೊಡೆಯಬೇಕಿತ್ತು ಅಂತ ಅವಳಿಗೂ ಒಂದು ಮಾತು ಬರೆದರು, ಅದು ನ್ಯಾಯವೇ. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಫಾರಂನಲ್ಲಿ ಆಲಿಕಲ್ಲಿಗೆ ಒಂದು ಸಾಲು ಬಂತು, ಕೊನೆಯಲ್ಲಿ 'ಇನ್ನೇನು ಹೇಳುವುದಿದೆ?' ಅಂತ ಇನ್ನೊಂದು. ಕಿಪ್ರೋನೊನ ಫೋನು ಮತ್ತೆ ಏಳು ನಿಮಿಷಕ್ಕೆ ಏರಿತು. ಅವನ ಹೆಂಡತಿಯ ಮಂಡಿಗೆ ಆಪರೇಷನ್ ಆಗಿತ್ತಂತೆ, ನಮಗೆ ಗೊತ್ತೇ ಇರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರೇ, ಫಾರಂಗಳ ಮೇಲೆ ನನಗೆ ಸಿಟ್ಟಿಲ್ಲ, ಅವು ಬೇಕು. ಈಗ ನಿಮಗೆ ಟ್ಯಾಬ್ಲೆಟ್ ಕೊಡುತ್ತಾರೆ, ಒಂದು ಚೌಕ ಖಾಲಿ ಬಿಟ್ಟರೆ ಅದು ಮುಂದಕ್ಕೇ ಹೋಗುವುದಿಲ್ಲ. ಆದರೆ ಚೌಕವೇ ಇಲ್ಲದ ಸಂಗತಿಯನ್ನು ಅದು ಕೇಳುವುದಿಲ್ಲ, ನೀವೇ ಹೇಳಬೇಕು. ಮತ್ತೊಂದು, ಇದು ನನಗೆ ಹೆಚ್ಚು ನೋವಿನ ಪಾಠ. ತಪ್ಪು ಗೊತ್ತಾದ ದಿನವೇ ಹೇಳಿ. ನಾನು ಹೇಳಿದೆ, ನಿಜ. ವಿಚಾರಣೆ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳು ಥ್ಯಾಂಕ್ಸ್ ಹೇಳುತ್ತಾಳೆ ಅಂತ ಮೂರ್ಖನ ಹಾಗೆ ನಿಂತಿದ್ದೆ. ಅವಳು ನನ್ನ ಮುಂದೆ ಒಂದು ಕ್ಷಣ ನಿಂತಳು. "ಹನ್ನೊಂದು ದಿನ, ಅಂಕಲ್," ಅಂದಳು. ಅಷ್ಟೇ ಹೇಳಿ ಹೋದಳು.

ಒಂದೂವರೆ ತಿಂಗಳು ಅವಳು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹ್ಯಾಂಗರಿನಲ್ಲಿ ಎಣ್ಣೆ, ಟೈರು, ಸಹಿ, ಮುಗಿಯಿತು. ಸುಶೀಲೆ ಚಕ್ಕುಲಿ ಕಳಿಸಿದರೆ ಡಬ್ಬಿ ತೊಳೆದು ಅಪ್ಪನ ಕೈಲಿ ವಾಪಸ್ ಕಳಿಸುತ್ತಿದ್ದಳು. ನನಗೆ ಬೇಕಾದದ್ದೇ ಅಂತ ಸುಮ್ಮನಿದ್ದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಹ್ಯಾಂಗರಿಗೆ ಬಂದು, "ಚಹಾ ತೋಟಕ್ಕೆ ಬಿಡಿಭಾಗ ಒಯ್ಯುತ್ತಿದ್ದೇನೆ. ಪಕ್ಕದ ಸೀಟು ಖಾಲಿ ಇದೆ," ಅಂದಳು. ಬನ್ನಿ ಅನ್ನಲಿಲ್ಲ. ನಾನು ಕೈ ಒರೆಸಿಕೊಂಡು ಹೋಗಿ ಕೂತೆ. ಒಂದು ಗಂಟೆ ಹಾರಿದೆವು. ಬೆಟ್ಟದ ಮೇಲೆ ರನ್‌ವೇ ಪೂರ್ತಿ ಹಸಿರಾಗಿ ಕಂಡಿತು. ಅವಳು ಅದರ ಮೇಲೆ ಒಂದು ಸುತ್ತು ಹೊಡೆದು, ತಗ್ಗಿನಲ್ಲಿ ಹಾರಿ ನೋಡಿ, ಆಮೇಲೆ ಇಳಿಸಿದಳು. ಚೆಂದದ ಇಳಿತ. ಸಾಮಾನು ಇಳಿಸಿ ವಾಪಸ್ ಹೊರಡುವಾಗ ವಿಮಾನವನ್ನು ನಿಧಾನಕ್ಕೆ ಓಡಿಸಿಕೊಂಡು ಹೋಗಿ ರನ್‌ವೇಯ ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದಳು. ಇಳಿದಳು. ನಾನೂ ಇಳಿದೆ.

"ಇಲ್ಲಿಂದ ಶುರುವಾಗಿದ್ದು," ಅಂತ ಬೂಟಿನ ತುದಿಯಿಂದ ತೋರಿಸಿದಳು.

ಅಲ್ಲಿ ಬರೀ ಹುಲ್ಲು ಇತ್ತು. ವಿಚಾರಣೆಯಲ್ಲಿ ಮೂರು ಜನರ ಮುಂದೆ ನನ್ನ ತಪ್ಪನ್ನು ವಿವರವಾಗಿ ಹೇಳಿದ್ದೆ. ಪತ್ರಕ್ಕೆ ಸಹಿ ಮಾಡಿದ್ದೆ. ಇವಳಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ ಅಂತ ಅಲ್ಲಿ ನಿಂತಾಗ ಹೊಳೆಯಿತು. ಅದಕ್ಕೇ ಕರೆದುಕೊಂಡು ಬಂದಿದ್ದಳು.

"ನನ್ನದು ತಪ್ಪಾಯ್ತು ಮಗಳೇ," ಅಂದೆ. "ಗೆರೆ ಹೊಡೆದದ್ದಕ್ಕಲ್ಲ. ಅವತ್ತು ನೀನು ಮನೆಗೆ ಬಂದು ಕೇಳಿದಾಗ ಸುಮ್ಮನಿದ್ದೆನಲ್ಲ, ಅದಕ್ಕೆ."

ಅವಳು ತಲೆಯಾಡಿಸಿದಳು. ಹುಬ್ಬಿನ ಮೇಲಿನ ಗುರುತನ್ನು ಬೆರಳಿನಿಂದ ಉಜ್ಜಿಕೊಂಡು ಪಶ್ಚಿಮದ ಆಕಾಶ ನೋಡಿದಳು. ಬೆಟ್ಟದ ಹಿಂದೆ ಕಪ್ಪು ಮೋಡ ಕಟ್ಟುತ್ತಿತ್ತು.

"ಸರಿ, ಹತ್ತಿ ಅಂಕಲ್," ಅಂದಳು. "ಅದು ಬರೋದರೊಳಗೆ ನಿಮ್ಮನ್ನ ಮನೆಗೆ ತಲುಪಿಸ್ಬೇಕು."

ನಾನು ಹತ್ತಿದೆ.